ಮಗಳು ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟಿದ್ದಾಳೆ. ಅಕ್ಕನಿಗೆ ಮಾಡಿದ್ದನ್ನೇ ಇವಳಿಗೂ ಮಾಡಬೇಕಾ?

ಕಾಪುವಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಇಷ್ಟು ಉದ್ದ ಬರೆದು ನನಗೆ ಅಭ್ಯಾಸ ಇಲ್ಲ. ಆದರೆ ಮೂರು ವಾರದಿಂದ ನಿದ್ದೆ ಸರಿ ಇಲ್ಲ. ಮನೆಯಲ್ಲಿ ಬಾಯಿ ತೆರೆದರೆ ಜಗಳ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ನಾವು ಬಂಟರು. ಮಗಳಿಗೆ 27 ವರ್ಷ. ಉಡುಪಿಯಲ್ಲಿ ಕೆಲಸ, ದಿನಾ ಬಸ್ಸಲ್ಲಿ ಹೋಗಿ ಬರುತ್ತಾಳೆ. ಕಳೆದ ವರ್ಷದಿಂದ ಸಂಬಂಧ ನೋಡುತ್ತಿದ್ದೇವೆ. ನಾಲ್ಕು ಜಾತಕ ಬಂತು. ಎರಡು ಕೂಡಿ ಬರಲಿಲ್ಲ. ಮೂರನೆಯ ಹುಡುಗ ದುಬೈಯಲ್ಲಿ, ಇವಳಿಗೆ ಅಲ್ಲಿಗೆ ಹೋಗಲು ಮನಸ್ಸಿಲ್ಲ. ನಾಲ್ಕನೆಯದು ಬಂದ ದಿನ ರಾತ್ರಿ ನಾನು ಮರುದಿನದ ದೋಸೆಗೆ ಅಕ್ಕಿ ರುಬ್ಬುತ್ತಿದ್ದೆ. ಬಂದು ಗ್ರೈಂಡರ್ ಬಂದ್ ಮಾಡಿದಳು. "ಅಮ್ಮ, ನನಗೆ ಒಬ್ಬ ಇದ್ದಾನೆ. ಆರು ವರ್ಷ ಆಯ್ತು" ಅಂದಳು.

ಹುಡುಗ ಕುಲಾಲರವ. ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್. ಅಪ್ಪ ಇಲ್ಲ. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಒಂದು ಸಲ ಮಾತಾಡಿದ್ದೇನೆ, ಒಳ್ಳೆಯ ಹುಡುಗನ ಹಾಗೆ ಕಾಣುತ್ತಾನೆ. ನನ್ನ ಗಂಡ ಬೇಡ ಅಂತಲೂ ಹೇಳುವುದಿಲ್ಲ, ಆಗಬಹುದು ಅಂತಲೂ ಹೇಳುವುದಿಲ್ಲ. ನನ್ನ ಅಣ್ಣ ಮಾತ್ರ ನೇರ ಹೇಳಿದ್ದಾರೆ. "ಅವಳು ಹಾಗೆ ಮದುವೆಯಾದರೆ ಕುಟುಂಬದ ಮನೆಗೆ ಕಾಲಿಡುವುದು ಬೇಡ. ನಾಗನಿಗೆ, ದೈವಕ್ಕೆ ಯಾರು ಉತ್ತರ ಕೊಡುವುದು?"

ಈ ಮಾತು ನಾನು ಮೊದಲೂ ಕೇಳಿದ್ದೇನೆ. 1991ರಲ್ಲಿ ನನ್ನ ಅಕ್ಕ ದೇವಾಡಿಗರ ಹುಡುಗನನ್ನು ಮದುವೆಯಾಗಿ ಮುಂಬಯಿಗೆ ಹೋದಳು. ಭಾವ ಅಲ್ಲಿ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದರು. 11 ವರ್ಷ ನಾವು ಯಾರೂ ಅವಳ ಮನೆಗೆ ಹೋಗಲಿಲ್ಲ. ನನ್ನ ಮದುವೆಗೆ ಅವಳು ರಾತ್ರಿ ಬಸ್ಸಿನಲ್ಲಿ ಒಂದು ಸೀರೆ ಕಳಿಸಿದ್ದಳು. ಅಮ್ಮ ಅದನ್ನು ಟ್ರಂಕಿನ ಅಡಿಗೆ ಹಾಕಿದರು. ನಾನು ಬಿಚ್ಚಿ ನೋಡಲಿಲ್ಲ.

2002ರಲ್ಲಿ ಅಮ್ಮ ತೀರಿಕೊಂಡರು. ಬೊಜ್ಜದ (ಉತ್ತರಕ್ರಿಯೆಯ) ದಿನ ಅಕ್ಕ ಬಂದಳು. ಚಾವಡಿಯಲ್ಲಿ ಕುಟುಂಬದವರ ಪಂಕ್ತಿ, ಹೊರಗೆ ಚಪ್ಪರದಲ್ಲಿ ಊರವರ ಪಂಕ್ತಿ. ಅವಳು ಎರಡು ಮಕ್ಕಳ ಕೈ ಹಿಡಿದು ಚಾವಡಿಗೆ ಹತ್ತಿದಳು. ದೊಡ್ಡ ಮಾವ "ಹೊರಗೆ ಎಲೆ ಹಾಕಿದ್ದಾರೆ" ಅಂದರು. ಜೋರು ಮಾಡಲಿಲ್ಲ, ಬೈಯಲಿಲ್ಲ, ಅಷ್ಟೇ ಹೇಳಿದ್ದು. ಅವಳು ಇಳಿದು ಹೊರಗೆ ಕೂತಳು. ಸಾರಿನ ಬಾಲ್ದಿ ನನ್ನ ಕೈಯಲ್ಲಿತ್ತು. ಅವಳ ಎಲೆಯ ಹತ್ತಿರ ಬಂದಾಗ ಮುಖ ಎತ್ತಿ ನೋಡಿದಳು. ನಾನು ಸಾರು ಬಡಿಸಿ ಮುಂದೆ ಹೋದೆ. "ಅಕ್ಕ" ಅಂತ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಚಿಕ್ಕವನು ಇನ್ನೊಂದು ಹಪ್ಪಳಕ್ಕೆ ಕೈ ಚಾಚಿದ್ದ. ಅದನ್ನೂ ತಂದು ಕೊಡಲಿಲ್ಲ.

ಈಗ ನನ್ನ ಮಗಳು ಅದೇ ಜಾಗದಲ್ಲಿ ನಿಂತಿದ್ದಾಳೆ. ಇಂಥ ಮದುವೆ ಆದ ಮನೆಗಳಲ್ಲಿ ಆಮೇಲೆ ಏನಾಯ್ತು, ಗೊತ್ತಿದ್ದವರು ಹೇಳಿ. ದೈವದ ಕೆಲಸಕ್ಕೆ ತೊಂದರೆ ಆಯ್ತಾ? ಧಾರೆ ಮದುವೆ ಮಾಡಿದರೆ ಕಾನೂನಿಗೆ ಸಾಕಾ, ಅಲ್ಲ ರಿಜಿಸ್ಟರ್ ಮದುವೆಯೇ ಆಗಬೇಕಾ?

ಮಂಗಳೂರಿನ ವಕೀಲೆ

ಅಮ್ಮ, ಕಾನೂನಿನ ಭಾಗ ನಾನು ಹೇಳುತ್ತೇನೆ. ನಮ್ಮ ಆಫೀಸಿಗೆ ಬರುವ ಹತ್ತು ಜೋಡಿಯಲ್ಲಿ ಎಂಟು ಜೋಡಿಗೆ ಇದೇ ಗೊಂದಲ.

ಇಬ್ಬರೂ ಹಿಂದೂಗಳಾದರೆ ಜಾತಿ ಬೇರೆ ಅನ್ನುವುದು ಕಾನೂನಿನ ಪ್ರಶ್ನೆಯೇ ಅಲ್ಲ. ಬೇರೆ ಬೇರೆ ಜಾತಿಯ ಹಿಂದೂಗಳ ಮದುವೆ ಸಿಂಧು ಅಂತ 1949ರಲ್ಲೇ ಕಾಯ್ದೆ ಬಂದಿತ್ತು. ಆಮೇಲೆ 1955ರ ಹಿಂದೂ ವಿವಾಹ ಕಾಯ್ದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಅಪ್ಪ, ಅಮ್ಮ, ಮಾವ ಯಾರ ಸಹಿಯೂ ಬೇಡ. ಹುಡುಗನ ಕಡೆಯ ಕ್ರಮವೋ ಹುಡುಗಿಯ ಕಡೆಯ ಕ್ರಮವೋ, ಯಾವುದಾದರೂ ಒಂದರ ಪ್ರಕಾರ ಮದುವೆ ಆದರೆ ಸಾಕು. ನಿಮ್ಮಲ್ಲಿ ಧಾರೆ ಎರೆಯುವ ಕ್ರಮ ಉಂಟಲ್ವಾ, ಅದನ್ನೇ ಮಾಡಿ. ಫೋಟೋ, ಸಾಕ್ಷಿಗಳು ಸರಿಯಾಗಿರಲಿ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ. ಈ ಕಾಯ್ದೆಯಲ್ಲಿ ಯಾವ ಶಾಸ್ತ್ರವೂ ಇಲ್ಲದೆ ಸುಮ್ನೆ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಅದು ಮದುವೆ ಆಗುವುದಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೀವು ರಿಜಿಸ್ಟರ್ ಮದುವೆ ಅನ್ನುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ 30 ದಿನ ಮೊದಲೇ ನೋಟಿಸ್ ಕೊಡಬೇಕು, ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ, ಮೂವರು ಸಾಕ್ಷಿ ಬೇಕು. ಬೇರೆ ಬೇರೆ ಧರ್ಮದವರಿಗೆ ಧರ್ಮ ಬಿಡದೆ ಮದುವೆಯಾಗಲು ಅದೇ ದಾರಿ. ನಿಮ್ಮ ಮಗಳಿಗೆ ಅದರ ಅಗತ್ಯ ಇಲ್ಲ.

ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಅಂತ ಕೋರ್ಟ್ 2018ರಲ್ಲಿ ಹೇಳಿತು. 2021ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಮತ್ತೆ ಹೇಳಿತು. ಅಣ್ಣ ಆಸ್ತಿಯ ಮಾತು ಎತ್ತಿದರೆ ಇದನ್ನೂ ಹೇಳಿ. ಜಾತಿಯಿಂದ ಹೊರಗೆ ಹಾಕಿದರೂ ಆಸ್ತಿಯ ಹಕ್ಕು ಹೋಗುವುದಿಲ್ಲ. ಹಾಗಂತ 1850ರಲ್ಲೇ, ಬ್ರಿಟಿಷರ ಕಾಲದಲ್ಲೇ ಕಾಯ್ದೆ ಬಂದಿತ್ತು. ನಿಮ್ಮ ಅಕ್ಕನಿಗೂ ಇದು ಅನ್ವಯ ಆಗುತ್ತದೆ. ಅವರಿಗೆ ಪಾಲು ಸಿಕ್ಕಿದೆಯಾ ಅಂತ ಒಮ್ಮೆ ನೋಡಿ.

ಕೊಡಿಯಾಲಬೈಲಿನ ಮಾವ

ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ನಾನು 31 ವರ್ಷ ಸುಖವಾಗಿ ಬದುಕಿದ್ದೇನೆ.

ನಾವು ಹವ್ಯಕರು, ವಿಟ್ಲ ಕಡೆಯವರು, ಈಗ ಮಂಗಳೂರಿನಲ್ಲಿ. ನನ್ನ ಹೆಂಡತಿಯನ್ನು ಮದುವೆಗೆ ಮೊದಲು ನಾನು ನೋಡಿದ್ದು ಅರ್ಧ ಗಂಟೆ. ಮನೆಯಲ್ಲಿ ಮಾತಾಡುವ ಭಾಷೆ ಒಂದೇ. ಅಡುಗೆ ಒಂದೇ. ಹಬ್ಬದ ದಿನ ಏನು ಮಾಡಬೇಕು ಅಂತ ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಮೊದಲ ಎರಡು ವರ್ಷ ನಮ್ಮಿಬ್ಬರಿಗೆ ಸರಿ ಹೋಗುತ್ತಿರಲಿಲ್ಲ. ಆಗ ನನ್ನ ಮಾವನವರು ಬಂದು ನಾಲ್ಕು ದಿನ ನಮ್ಮಲ್ಲೇ ಇದ್ದರು. ಏನೂ ಉಪದೇಶ ಮಾಡಲಿಲ್ಲ. ತೋಟದಲ್ಲಿ ನನ್ನ ಜೊತೆ ಅಡಿಕೆ ಹೆಕ್ಕಿದರು. ಆ ನಾಲ್ಕು ದಿನದಲ್ಲಿ ನಾನು ಬಹಳ ಬದಲಾದೆ. ಪ್ರೀತಿಸಿ ಮದುವೆಯಾದವರಿಗೆ ಹೀಗೆ ಬಂದು ಕೂರುವವರು ಯಾರು? ನನ್ನ ಭಯ ಜಾತಿಯದ್ದಲ್ಲ, ಇದು.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಮ್ಮಲ್ಲಿ ಈಗ ತೋಟ ನೋಡಿಕೊಳ್ಳುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ. 35, 40 ದಾಟಿದವರು ಮನೆಮನೆಯಲ್ಲಿ ಇದ್ದಾರೆ. ಹಾಗಾಗಿ ಬೇರೆ ಪಂಗಡದಿಂದ, ಬೇರೆ ರಾಜ್ಯದಿಂದ ಹೆಣ್ಣು ತಂದಿದ್ದೇವೆ. ಭಾಷೆ ಬಾರದ ಸೊಸೆಗೆ ನಮ್ಮ ಅಜ್ಜಿಯೇ ತಂಬುಳಿ ಮಾಡಲು ಕಲಿಸಿದರು. ಯಾವ ಮಠಕ್ಕೂ ಯಾವ ದೇವರಿಗೂ ತೊಂದರೆ ಆಗಲಿಲ್ಲ. ಬರೆಯುತ್ತಾ ಬರೆಯುತ್ತಾ ನನಗೇ ಅನ್ನಿಸುತ್ತಿದೆ, ನಮಗೆ ಬೇಕಾದಾಗ ಸಡಿಲ ಮಾಡಿದ್ದನ್ನು ಮಕ್ಕಳು ಕೇಳಿದಾಗ ಯಾಕೆ ಬಿಗಿ ಮಾಡುತ್ತೇವೆ ಅಂತ.

ಕಟಪಾಡಿ ಹುಡುಗಿ

ಮಾವ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಉಂಟು.

ನನ್ನದು ಮನೆಯವರೇ ನೋಡಿ ಮಾಡಿದ ಮದುವೆ. ನಾವು ಬಿಲ್ಲವರು, ಅವರೂ ಬಿಲ್ಲವರು. ಬರಿ (ಗೋತ್ರದ ಹಾಗೆ ಕುಲದ ಹೆಸರು) ನೋಡಿದರು, ಜಾತಕ ನೋಡಿದರು, ಹುಡುಗನ ಮನೆಗೆ ಎರಡು ಸಲ ಹೋಗಿ ಬಂದರು. ಆದರೂ 14 ತಿಂಗಳಿಗೆ ಮುಗಿಯಿತು. ಕಾರಣ ಇಲ್ಲಿ ಬರೆಯುವುದಿಲ್ಲ. ಒಂದು ರಾತ್ರಿ ಹನ್ನೊಂದು ಗಂಟೆಗೆ ಅಪ್ಪನಿಗೆ ಫೋನ್ ಮಾಡಿದೆ. ಒಂದು ಪ್ರಶ್ನೆ ಕೇಳಲಿಲ್ಲ. ಪಕ್ಕದ ಮನೆಯವರ ಓಮ್ನಿ ವ್ಯಾನ್ ತೆಗೆದುಕೊಂಡು ಬಂದರು. ಮಳೆ ಇತ್ತು. ನನ್ನ ಬ್ಯಾಗನ್ನು ಅವರೇ ಹೊತ್ತರು. ಪಡುಬಿದ್ರಿ ದಾಟಿದ ಮೇಲೆ ಒಂದೇ ಮಾತು ಹೇಳಿದರು. "ನಾವೇ ನೋಡಿದ್ದಲ್ವಾ ಮಗಾ, ನಮ್ಮದೇ ತಪ್ಪು."

ಆ ಮಾತು ಕೇಳಿ ನಾನು ಅಳುತ್ತಾ ಬೇರೆಯೇ ಯೋಚನೆ ಮಾಡಿದೆ. ನನ್ನ ಗೆಳತಿ ಪ್ರೀತಿಸಿ ಮದುವೆಯಾಗಿದ್ದಳು. ಅವಳ ಗಂಡನೂ ಹೊಡೆಯುತ್ತಿದ್ದ. ಅವಳು ಮನೆಗೆ ಫೋನ್ ಮಾಡಿದಾಗ "ನೀನೇ ನೋಡಿದ್ದಲ್ವಾ" ಅಂದರು. ನನಗೂ ಅವಳಿಗೂ ಬಂದ ಕಷ್ಟ ಒಂದೇ. ನನಗೆ ಓಮ್ನಿ ಬಂತು, ಅವಳಿಗೆ ಬರಲಿಲ್ಲ.

ಹಾಗಾಗಿ ಲವ್ ಮದುವೆ ಮುರಿಯುತ್ತದೆ, ಅರೇಂಜ್ಡ್ ಮದುವೆ ಉಳಿಯುತ್ತದೆ ಅಂತ ಹೇಳುವವರ ಹತ್ತಿರ ನಾನು ಕೇಳುವುದಿಷ್ಟೇ. ಉಳಿದದ್ದು ಜಾತಿ ಕೂಡಿದ್ದಕ್ಕಾ, ಅಲ್ಲ ಹಿಂದೆ ಜನ ನಿಂತದ್ದಕ್ಕಾ? ಜನ ನಿಲ್ಲುವುದು ನಮ್ಮ ಕೈಯಲ್ಲೇ ಉಂಟಲ್ವಾ? ಬೇರೆ ಜಾತಿಯ ಹುಡುಗನ ಮನೆಗೂ ಓಮ್ನಿ ಹೋಗುತ್ತದೆ. ರಸ್ತೆ ಅದೇ.

ಕೊಡಿಯಾಲಬೈಲಿನ ಮಾವ

ಓದಿದೆ ಮಗಳೇ. ಇದನ್ನು ನಾನು ಹೀಗೆ ನೋಡಿರಲಿಲ್ಲ. ನನ್ನ ಹೆಂಡತಿಗೂ ಓದಿ ಹೇಳಿದೆ.

ಬೋಳಾರದವ

ನಾನು ಪರಿಶಿಷ್ಟ ಜಾತಿಯವನು. ನನ್ನ ಹೆಂಡತಿ ಮೇಲ್ಜಾತಿ ಅನ್ನಿಸಿಕೊಂಡವರ ಮನೆಯವಳು. ಆರು ವರ್ಷ ಆಯ್ತು. ಇಲ್ಲಿ ಎಲ್ಲರೂ ಒಳ್ಳೆಯ ಮಾತಾಡುತ್ತಿದ್ದಾರೆ, ಸಂತೋಷ. ಆದರೆ ಬಂಟರಿಗೂ ಕುಲಾಲರಿಗೂ ಇರುವ ಅಂತರವೇ ಬೇರೆ, ನಮಗೂ ನಿಮಗೂ ಇರುವ ಅಂತರವೇ ಬೇರೆ. ಅದನ್ನು ಬಿಟ್ಟು ಈ ವಿಷಯ ಪೂರ್ತಿ ಆಗುವುದಿಲ್ಲ.

ಮದುವೆಯಾದ ಮೇಲೆ ಮಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದೆವು. ಫೋನಿನಲ್ಲಿ ಹೆಂಡತಿ ಮಾತಾಡಿದರೆ ಮನೆ ಖಾಲಿ ಇರುತ್ತಿತ್ತು. ನಾನು ಹೋಗಿ ಹೆಸರು, ಊರು, "ಯಾವ ಜನ" ಅಂತ ಹೇಳಿದ ಮೇಲೆ ಯಾರೋ ಸಂಬಂಧಿಕರು ಬರುವವರಿದ್ದರು. ಒಂಬತ್ತನೆಯ ಮನೆ ಸಿಕ್ಕಿತು. ಸಮಾಜ ಕಲ್ಯಾಣ ಇಲಾಖೆಯಿಂದ ಅಂತರ್ಜಾತಿ ಮದುವೆಗೆ ಪ್ರೋತ್ಸಾಹಧನ ಉಂಟು, ಇಬ್ಬರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರಾಗಿರಬೇಕು. ನಾವು ಅರ್ಜಿ ಹಾಕಿದ್ದು ಗೊತ್ತಾದಾಗ "ದುಡ್ಡಿಗೋಸ್ಕರ ಹುಡುಗಿ ಹಿಡಿದ" ಅಂದವರು ನಮ್ಮ ಹತ್ತಿರದವರೇ. ಆ ದುಡ್ಡು ಅತ್ತೆ ಮಾವ ಕೊಡಬಹುದಾಗಿದ್ದ ಪಾತ್ರೆ, ಮಂಚದ ಬದಲಿಗೆ ಆಯ್ತು, ಅಷ್ಟೇ.

ಇದೇ ಊರಿನಲ್ಲಿ ಕುದ್ಮುಲ್ ರಂಗರಾವ್ 1897ರಲ್ಲಿ ನಮ್ಮ ಅಜ್ಜಂದಿರಿಗೋಸ್ಕರ ಸಂಸ್ಥೆ ಕಟ್ಟಿದರು, ಶಾಲೆ ನಡೆಸಿದರು. ಅವರದೇ ಜಾತಿಯವರು ಅವರನ್ನು ದೂರ ಇಟ್ಟರು. ಕೊರಗ ಸಮುದಾಯದವರನ್ನು ಅಜಲು ಎಂಬ ಅವಮಾನದ ಪದ್ಧತಿಯಿಂದ ಬಿಡಿಸಲು ಕಾಯ್ದೆ ಬಂದದ್ದು 2000ದಲ್ಲಿ. ನೂರು ವರ್ಷ ಹಿಡಿಯಿತು. ಒಟ್ಟಿಗೆ ಓದುತ್ತೇವೆ, ಒಂದೇ ಬಸ್ಸಿನಲ್ಲಿ ನಿಲ್ಲುತ್ತೇವೆ, ಒಂದೇ ಗೋಳಿಬಜೆ ಹಂಚಿ ತಿನ್ನುತ್ತೇವೆ. ಮದುವೆ ಅಂದ ಕೂಡಲೇ ಗೇಟು ಬೀಳುತ್ತದೆ.

ಕಾಪುವಿನ ಅಮ್ಮನ ಹತ್ತಿರ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಮಗಳಿಗೆ ಒಪ್ಪಿಗೆ ಕೊಡುವುದಾದರೆ ಹುಡುಗನ ಅಮ್ಮನ ಮನೆಗೆ ನೀವೇ ಮೊದಲು ಹೋಗಿ. ಕೊಟ್ಟ ಚಾ ಪೂರ್ತಿ ಕುಡಿಯಿರಿ. ನನ್ನ ಅತ್ತೆ ಮಗು ಹುಟ್ಟಿದ ಮೇಲೆ ಮೊದಲ ಸಲ ಬಂದಾಗ ಬಾಟಲಿಯಲ್ಲಿ ನೀರು ತಂದಿದ್ದರು. ನನ್ನ ತಾಯಿ ಅದನ್ನು ನೋಡಿದ್ದಾರೆ. ಏನೂ ಹೇಳಲಿಲ್ಲ, ಆದರೆ ನೋಡಿದ್ದಾರೆ.

ಮಲ್ಪೆ ಅಕ್ಕ

ನಮ್ಮ ಮನೆಯ ಕತೆ ಚಿಕ್ಕದು. ನಾವು ಮೊಗವೀರರು, ತಂಗಿ ಇಷ್ಟಪಟ್ಟದ್ದು ಬಿಲ್ಲವರ ಹುಡುಗನನ್ನು. ಎರಡು ಮನೆಯವರೂ ಸಾಲ್ಯಾನ್. ನಮ್ಮಲ್ಲಿ ಸಾಲ್ಯಾನ್, ಕುಂದರ್, ಬಂಗೇರ, ಕರ್ಕೇರ ಎಲ್ಲ ಎರಡೂ ಜಾತಿಯಲ್ಲಿ ಉಂಟು. ಮೊದಲು ಜಾತಿ ಬೇರೆ, ಆಗುವುದಿಲ್ಲ ಅಂದರು. ಅದಕ್ಕೆ ಹೇಗೋ ಒಪ್ಪಿಸಿದೆವು. ಆಮೇಲೆ ಬರಿ ಒಂದೇ, ಅಣ್ಣ ತಂಗಿ ಆಗುತ್ತಾರೆ, ಆಗುವುದಿಲ್ಲ ಅಂದರು. ಆಗ ನನ್ನ ಅಜ್ಜಿಗೆ ಸಿಟ್ಟು ಬಂತು. "ಅಣ್ಣ ತಂಗಿ ಆಗುವಷ್ಟು ಹತ್ತಿರದವರಾದರೆ ಜಾತಿ ಬೇರೆ ಅಂತ ಆರು ತಿಂಗಳು ಯಾಕೆ ಅಳಿಸಿದ್ದು?" ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಮದುವೆ ಆಯ್ತು. ಎರಡು ಮಕ್ಕಳು. ಭಾವನೇ ಈಗ ನಮ್ಮ ಅಪ್ಪನನ್ನು ಡಯಾಲಿಸಿಸಿಗೆ ಕರೆದುಕೊಂಡು ಹೋಗುವುದು.

ಬೆಳ್ಮಣ್ಣಿನ ಅಜ್ಜ

ಕಾಪುವಿನ ತಂಗೀ, ನನಗೆ 74. ಕುಟುಂಬದ ಮನೆಯ ದೈವದ ಕೆಲಸ 20 ವರ್ಷ ನಾನೇ ನೋಡಿಕೊಂಡವನು. ನಿನ್ನ ಅಣ್ಣ ಕೇಳಿದ ಪ್ರಶ್ನೆಗೆ ನಮ್ಮ ಕಟ್ಟುಕಟ್ಟಳೆಯ ಲೆಕ್ಕದಲ್ಲೇ ಉತ್ತರ ಹೇಳುತ್ತೇನೆ.

ನಮ್ಮದು ಅಳಿಯಸಂತಾನ. ಬರಿ ಬರುವುದು ತಾಯಿಯಿಂದ. ಹೆಣ್ಣುಮಗಳು ಮದುವೆಯಾಗಿ ಎಲ್ಲಿಗೆ ಹೋದರೂ ಅವಳ ಬರಿ ಬದಲಾಗುವುದಿಲ್ಲ. ಬ್ರಾಹ್ಮಣರಲ್ಲಿ ಹೆಣ್ಣಿಗೆ ಮದುವೆಯಾದ ಮೇಲೆ ಗಂಡನ ಗೋತ್ರ. ನಮ್ಮಲ್ಲಿ ಹಾಗಿಲ್ಲ. ನಿನ್ನ ಅಕ್ಕನ ಮಕ್ಕಳು ನಿನ್ನ ಅಮ್ಮನ ಬರಿಯವರು. ಆ ಕುಟುಂಬದ ಮನೆ ಅವರದ್ದೂ ಹೌದು. ನಿನ್ನ ಅಣ್ಣನ ಮಕ್ಕಳು ಅವರ ತಾಯಿಯ ಬರಿ. ಈಗ ನೀನೇ ಯೋಚನೆ ಮಾಡು. ಅಂದು ಚಾವಡಿಯಿಂದ ಇಳಿಸಿದ್ದು ಯಾರನ್ನು? ಹಪ್ಪಳಕ್ಕೆ ಕೈ ಚಾಚಿದ ಆ ಹುಡುಗ ಮನೆಯ ಸಂತಾನ. ಹಳೆಯ ಲೆಕ್ಕದಲ್ಲಿ ಮುಂದೆ ಯಜಮಾನಿಕೆಯೂ ಅವನಿಗೆ ಬರಬಹುದಿತ್ತು. ಕ್ರಮ ಕ್ರಮ ಅನ್ನುವವರು ಕ್ರಮವನ್ನೇ ಮುರಿದರು. ನಿನ್ನ ಮಗಳ ವಿಷಯವೂ ಅದೇ. ಅವಳು ಕುಲಾಲರ ಹುಡುಗನನ್ನು ಮದುವೆಯಾದರೂ ಅವಳ ಮಕ್ಕಳಿಗೆ ಬರಿ ಅವಳದ್ದೇ.

ಇನ್ನು ದೈವ. ನನ್ನ ಅಣ್ಣನ ಮಗ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದ. ಆ ವರ್ಷದ ನೇಮಕ್ಕೆ, ಅಂದರೆ ದೈವದ ಉತ್ಸವಕ್ಕೆ, ಅವರನ್ನು ಕರೆಯುವುದಾ ಬೇಡವಾ ಅಂತ ದೊಡ್ಡ ಚರ್ಚೆ. ಕರೆಯಲಿಲ್ಲ. ರಾತ್ರಿ ದೈವ ನುಡಿ ಕೊಡುವಾಗ ಮೊದಲು ಕೇಳಿದ್ದು ಒಂದೇ ಮಾತು, "ಕುಟುಂಬದವರು ಎಲ್ಲ ಬಂದಿದ್ದೀರಾ?" ಪ್ರತಿ ವರ್ಷವೂ ಕೇಳುವ ಮಾತೇ. ಆ ವರ್ಷ ನಮಗೆ ಹೌದು ಅನ್ನಲು ಆಗಲಿಲ್ಲ. ಮುಂದಿನ ವರ್ಷದಿಂದ ಅವರು ಬರುತ್ತಿದ್ದಾರೆ. ಆ ಹುಡುಗಿಯೇ ಹೂ ಕಟ್ಟುತ್ತಾಳೆ.

ನೇಮ ಅಂದರೆ ಎಷ್ಟು ಜಾತಿಯವರು ಸೇರಿ ಆಗುವ ಕೆಲಸ ಹೇಳು. ಗುತ್ತಿನವರು ಒಬ್ಬರು, ಪೂಜೆಗೆ ಪೂಜಾರಿ, ದೀಪ ಹಿಡಿಯಲು ಮಡಿವಾಳ, ವಾದ್ಯಕ್ಕೆ ಒಬ್ಬರು, ದೈವದ ವೇಷ ಕಟ್ಟುವವರು ಪಂಬದರೋ ನಲಿಕೆಯವರೋ ಪರವರೋ. ಆ ಮುಡಿಯ ಎದುರು ನಾವು ಕೈ ಮುಗಿಯುತ್ತೇವೆ. ಬೆಳಿಗ್ಗೆ ಮುಖದ ಬಣ್ಣ ತೊಳೆದ ಮೇಲೆ ಅವರಿಗೆ ಅಂಗಳದಲ್ಲಿ ಎಲೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಬೋಳಾರದ ಮಗ ಬರೆದದ್ದನ್ನು ಓದಿದ ಮೇಲೆ ಇದನ್ನು ಮುಚ್ಚಿಡಬಾರದು ಅನ್ನಿಸಿತು.

ಬ್ರಹ್ಮಾವರದ ಮೇಷ್ಟ್ರು

ಇದೆಲ್ಲ ಈಗಿನ ಮಕ್ಕಳ ಹುಚ್ಚು ಅನ್ನುವವರಿಗೆ ನಾಲ್ಕು ಮಾತು. ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ 1912ರಲ್ಲಿ ಸಾರಸ್ವತರ ಆಚೆ, ತಮಿಳುನಾಡಿನ ಜಮೀನ್ದಾರ ಮನೆತನದ ಸುಬ್ಬರಾಯನ್ ಅವರನ್ನು ಮದುವೆಯಾದರು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿ ಆದರು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಆಮೇಲೆ ಬಂಗಾಳಿ ಮನೆತನದ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ತಾವೇ ಒಪ್ಪಿ ಮದುವೆಯಾದರು. ನಮ್ಮ ಕೋಟದ ಶಿವರಾಮ ಕಾರಂತರು ಬಂಟರ ಮನೆಯ ಲೀಲಾ ಆಳ್ವರನ್ನು ಮದುವೆಯಾದದ್ದು 1936ರಲ್ಲಿ. ಜಾತಿ ಹೋಗಬೇಕಾದರೆ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂತ ಅಂಬೇಡ್ಕರ್ ಬರೆದದ್ದೂ ಅದೇ ವರ್ಷ.

ಆದರೂ 2011-12ರ ಸುಮಾರಿಗೆ ದೇಶದಲ್ಲಿ ನಡೆಸಿದ ದೊಡ್ಡ ಸಮೀಕ್ಷೆಯೊಂದರಲ್ಲಿ ಅಂತರ್ಜಾತಿ ಮದುವೆಗಳು ನೂರಕ್ಕೆ 5ರ ಆಸುಪಾಸು ಮಾತ್ರ. ಕಾರಂತರ ಬಗ್ಗೆ ಮಕ್ಕಳಿಂದ ಭಾಷಣ ಮಾಡಿಸುವ ನಾವೇ ನಮ್ಮ ಮನೆಗೆ ಬಂದಾಗ ಹಿಂದೆ ಸರಿಯುತ್ತೇವೆ. ನಾನೂ ಸರಿದಿದ್ದೆ. ಮಗ ಮೂರು ವರ್ಷ ಮಾತು ಬಿಟ್ಟಿದ್ದ. ಆ ಮೂರು ವರ್ಷ ನನಗೆ ಮರಳಿ ಬರುವುದಿಲ್ಲ.

ಕಟಪಾಡಿ ಹುಡುಗಿ

ಅಮ್ಮ, ಒಂದು ಪ್ರಾಕ್ಟಿಕಲ್ ಮಾತು. ಪ್ರೀತಿ ಅಂತ ಹೇಳಿ ಹುಡುಗನನ್ನು ವಿಚಾರಿಸದೇ ಬಿಡಬೇಡಿ. ಸಂಬಂಧ ಬಂದಾಗ ಹೇಗೆ ವಿಚಾರಿಸುತ್ತೀರೋ ಹಾಗೇ ವಿಚಾರಿಸಿ. ಕೆಲಸ, ಸಾಲ, ಕುಡಿತ, ಸಿಟ್ಟು ಬಂದಾಗ ಹೇಗಿರುತ್ತಾನೆ. ಅವನ ಜೊತೆ ಕೆಲಸ ಮಾಡುವವರ ಹತ್ತಿರ ಕೇಳಿ. ನಿಮ್ಮ ಮಗಳಿಗೆ ಬೇಸರ ಆಗುವುದಿಲ್ಲ. ನನಗೋಸ್ಕರ ಯಾರಾದರೂ ಜಾತಕದ ಬದಲು ಇದನ್ನು ಕೇಳಿದ್ದರೆ ಎಷ್ಟು ಒಳ್ಳೆಯದಿತ್ತು.

ಕಾಪುವಿನ ಅಮ್ಮ

ಎಲ್ಲರ ಮಾತನ್ನೂ ಓದಿದೆ. ಬೆಳ್ಮಣ್ಣಿನ ಅಣ್ಣ ಬರೆದದ್ದನ್ನು ನನ್ನ ಗಂಡನಿಗೆ ಜೋರಾಗಿ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ "ಹುಡುಗನ ಅಮ್ಮ ಯಾವಾಗ ಮನೆಯಲ್ಲಿರುತ್ತಾರೆ?" ಅಂತ ಕೇಳಿದರು.

ನಿನ್ನೆ ಹೋಗಿ ಬಂದೆವು. ಹೆಂಚಿನ ಮನೆ, ಚಿಕ್ಕದು. ಬಾಗಿಲ ಬದಿಯಲ್ಲಿ ಬೀಡಿ ಕಟ್ಟುವ ಸೂಪು (ಮೊರ) ಇತ್ತು, ನಾವು ಬಂದೆವು ಅಂತ ಅವರು ಅದನ್ನು ಒಳಗೆ ತಳ್ಳಿದರು. ಚಾ, ನೀರುದೋಸೆ ಕೊಟ್ಟರು. ಪೂರ್ತಿ ತಿಂದೆವು. ಅವರಿಗೂ ಭಯ ಇತ್ತಂತೆ, "ದೊಡ್ಡ ಮನೆಯ ಹುಡುಗಿ, ನಾಳೆ ನನ್ನ ಮಗನನ್ನು ಕಡಿಮೆ ಮಾಡಿದರೆ" ಅಂತ. ಆ ಭಯದ ಬಗ್ಗೆ ನಾನು ಒಮ್ಮೆಯೂ ಯೋಚನೆ ಮಾಡಿರಲಿಲ್ಲ.

ಅಣ್ಣ ಇನ್ನೂ ಒಪ್ಪಿಲ್ಲ. ಮದುವೆಗೆ ಬರುವುದಿಲ್ಲ ಅಂತ ಹೇಳಿದ್ದಾರೆ. ಮತ್ತೆ ಹೋಗಿ ಮಾತಾಡುತ್ತೇನೆ.

ಅಕ್ಕ ಈಗ ಸುರತ್ಕಲಿನಲ್ಲಿ ಮಗನ ಜೊತೆ ಇದ್ದಾಳೆ. ಭಾವ ಹೋಗಿ ಐದು ವರ್ಷ. ಫೋನಿನಲ್ಲಿ ಮಾತಾಡುತ್ತೇವೆ, ಹಬ್ಬಕ್ಕೆ ಹೋಗಿ ಬರುತ್ತೇವೆ, ಆದರೆ ಆ ದಿನದ ಮಾತು ಇಬ್ಬರೂ ಎತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಟ್ರಂಕಿನಿಂದ ಸೀರೆ ತೆಗೆದೆ. ಹಸಿರು, ಕೆಂಪು ಅಂಚು. ಮಡಿಕೆಯಲ್ಲಿ ಎರಡು ಕಡೆ ಹರಿದಿದೆ. ಅದನ್ನು ತೆಗೆದುಕೊಂಡು ಹೋಗಿ ಅವಳ ಎದುರು ಇಟ್ಟು ಎಲ್ಲ ಹೇಳಿದೆ. ಸಾರು, ಹಪ್ಪಳ, ಎಲ್ಲ. ಅವಳು ಸೀರೆಯನ್ನು ಬಿಡಿಸಿ ಹರಿದ ಕಡೆ ಬೆರಳಿಟ್ಟು ನೋಡಿದಳು. "ಬಾರ್ಡರ್ ಗಟ್ಟಿ ಉಂಟು, ಬ್ಲೌಸಿಗೆ ಆಗುತ್ತದೆ" ಅಂದಳು.

ಧಾರೆ ಎರೆಯುವಾಗ ನನ್ನ ಪಕ್ಕದಲ್ಲಿ ಅವಳು ನಿಲ್ಲಬೇಕು ಅಂತ ಕೇಳಿದ್ದೇನೆ. ಮಗನ ಹತ್ತಿರ ಕೇಳಿ ಹೇಳುತ್ತೇನೆ ಅಂದಿದ್ದಾಳೆ. ಅವನಿಗೆ ಆ ಹಪ್ಪಳ ಇನ್ನೂ ನೆನಪುಂಟಂತೆ.